ಮಾಜಾಳಿ ಮಳೆ ತಡೆದ ಬ್ಯಾಗು

ಕಾರವಾರದ ಗ್ರೀನ್ ಸ್ಟ್ರೀಟಿನಿಂದ ಒಳಗೆ ತಿರುಗಿದರೆ ಒಂದು ಸಣ್ಣ ಅಂಗಡಿ. ಬೋರ್ಡಿಲ್ಲ. ಒಂದು ಹೊಲಿಗೆ ಮೆಷಿನ್, ರೆಕ್ಸಿನ್ ಸುರುಳಿಗಳು, ರಿಪೇರಿಗೆ ಬಂದ ಶಾಲೆ ಬ್ಯಾಗುಗಳ ರಾಶಿ. ನನ್ನ ಫೀಲ್ಡ್ ಬ್ಯಾಗು ಹೊಲಿಸಿದ್ದು ಅಲ್ಲೇ. ಎರಡು ಮಳೆಗಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಾನು ಸಮುದಾಯ ಆರೋಗ್ಯ ನರ್ಸಿಂಗ್‌ನಲ್ಲಿ ಸಂಶೋಧನೆ ಮಾಡುವವಳು. ಮೀನುಗಾರರ ಮನೆಗಳಿಗೆ ಹೋಗಿ ತಾಯಂದಿರ ಬಿಪಿ, ಮಕ್ಕಳ ತೂಕ, ತೋಳಿನ ಸುತ್ತಳತೆ ತೆಗೆದುಕೊಳ್ಳುತ್ತೇನೆ. ಮೊದಲು ಆನ್‌ಲೈನಿನಲ್ಲಿ ತರಿಸಿದ ಬ್ಯಾಗಿತ್ತು. ಮಾಜಾಳಿಯಲ್ಲಿ ಒಂದು ಜುಲೈ ಮಧ್ಯಾಹ್ನ ಜಿಪ್ಪಿನೊಳಗಿಂದ ನೀರು ಇಳಿದು ಒಪ್ಪಿಗೆ ಪತ್ರಗಳೆಲ್ಲ ಅಂಟಿಕೊಂಡವು. ಶಾಯಿ ಹರಡಿ ಸಹಿ ಯಾವುದು, ಹೆಬ್ಬೆಟ್ಟು ಯಾವುದು ಗೊತ್ತಾಗಲಿಲ್ಲ. ಮತ್ತೆ ಮನೆಮನೆ ಅಲೆದೆ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಮ್ಮ ತಂಡದವರಲ್ಲದ ಸಾಕ್ಷಿಯೊಬ್ಬರು ಬೇಕು. ಅವರನ್ನೂ ಹುಡುಕಬೇಕು. "ಅವತ್ತು ಒತ್ತಿದ್ದು ಸಾಲಲಿಲ್ವಾ ಮಗಾ?" ಎಂದು ಅಜ್ಜಿಯೊಬ್ಬರು ಕೇಳಿದರು. ನಾಚಿಕೆಯಾಯಿತು. ನಂಬಿ ಕೊಟ್ಟ ಕಾಗದವನ್ನು ನೆನೆಯದಂತೆ ಇಟ್ಟುಕೊಳ್ಳಲೂ ನನಗೆ ಆಗಿರಲಿಲ್ಲ.

ಅಂಗಡಿಯ ಅಣ್ಣನಿಗೆ ಮೊದಲು ಅರ್ಥವಾಗಿದ್ದು ಮಳೆ ಮಾತ್ರ. ಸೋಪಿನ ಜೇಬು ಹೊರಗೇ ಯಾಕೆ ಬೇಕು ಅಂದರು. ನಾನು ಅವರ ಮೇಜಿನ ಮೇಲೆ ಪೇಪರ್ ಹಾಸಿ ತೋರಿಸಿದೆ. ಮನೆಗೆ ಹೋದಾಗ ಬ್ಯಾಗನ್ನು ನೆಲಕ್ಕೆ ಇಡುವುದಿಲ್ಲ, ಪೇಪರಿನ ಮೇಲೆ ಇಡುತ್ತೇವೆ. ಮೊದಲು ಸೋಪು, ಟವೆಲ್ಲು ಮಾತ್ರ ತೆಗೆದು ಕೈ ತೊಳೆಯಬೇಕು. ಆಮೇಲೆ ಒಳಗೆ ಕೈ ಹಾಕಬಹುದು. ಬಳಸಿದ ಸಾಮಾನು ಶುಚಿಯಾದದ್ದರ ಜೊತೆ ವಾಪಸ್ ಸೇರಬಾರದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಳಗೆ ಎರಡು ಬಣ್ಣ ಹಾಕ್ತೇನೆ ಮೇಡಂ" ಅಂದರು. ಬಿಳಿ ಅಂದರೆ ಶುಚಿ, ಕೆಂಪು ಅಂದರೆ ಬಳಸಿದ್ದು. ಇದು ನನಗೆ ಹೊಳೆದಿರಲಿಲ್ಲ.

ಬಿಪಿ ಮೆಷಿನ್, ತೋಳಿಗೆ ಸುತ್ತುವ ದೊಡ್ಡದು ಚಿಕ್ಕದು ಎರಡು ಕಫ್ ಪಟ್ಟಿ, 25 ಕಿಲೋವರೆಗೆ ತೂಗುವ ನೇತಾಡುವ ತಕ್ಕಡಿ ಎಲ್ಲ ಹಿಡಿಯುತ್ತದೆ. ತೋಳಿನ ಟೇಪಿಗೆ ಬೇರೆ ಉದ್ದ ಜೇಬು, ಮಡಿಕೆ ಬೀಳುವುದಿಲ್ಲ. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಮಗು ತೀವ್ರ ಅಪೌಷ್ಟಿಕತೆಯ ಲೆಕ್ಕಕ್ಕೆ ಹೋಗುತ್ತದೆ. ಅಲ್ಲಿ ಒಂದೆರಡು ಮಿಲಿಮೀಟರ್ ಕೂಡ ಸಣ್ಣ ಮಾತಲ್ಲ ಅಲ್ವಾ? ಕಾಗದದ ಖಾನೆ ಬೆನ್ನಿನ ಕಡೆ ಇದೆ, ಮೇಲೆ ಅಗಲ ಮುಚ್ಚಳ. ಆಮೇಲೆ ಒಂದು ಹಾಳೆಯೂ ನೆಂದಿಲ್ಲ.

ಮೊದಲು ಮುಚ್ಚಳಕ್ಕೆ ವೆಲ್ಕ್ರೋ ಇತ್ತು. ತೆಗೆದಾಗೆಲ್ಲ ಪರ್ ಎಂದು ಸದ್ದು. ಚೆಂಡಿಯಾದಲ್ಲಿ ತೊಟ್ಟಿಲ ಮಗು ಬೆಚ್ಚಿ ಎದ್ದು ಅತ್ತಿತು. ಹೇಳಿದ ಕೂಡಲೇ ಪ್ರೆಸ್ ಬಟನ್ ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ತುಂಬಿದರೆ ಭಾರ ಜಾಸ್ತಿ, ಸಂಜೆಗೆ ಹೆಗಲು ನೋಯುತ್ತದೆ. ಪಟ್ಟಿ ಇನ್ನೂ ಅಗಲ ಮಾಡಿಸಿಕೊಳ್ಳಿ.

ಬಟ್ಟೆ, ಕೂಲಿ ಸೇರಿ 850 ರೂಪಾಯಿ ಆಯಿತು, ಆರು ದಿನ ಹಿಡಿಯಿತು. ಆಶಾ ಕಾರ್ಯಕರ್ತೆಯರು, ಫೀಲ್ಡಿಗೆ ಹೋಗುವ ನರ್ಸಿಂಗ್ ವಿದ್ಯಾರ್ಥಿನಿಯರು ಏಪ್ರಿಲಿನಲ್ಲೇ ಹೋಗಿ ಹೇಳಿಬಿಡಿ. ಮೇ ಕೊನೆಗೆ ಶಾಲೆ ಬ್ಯಾಗುಗಳ ಸರದಿ ಶುರುವಾಗುತ್ತದೆ.