ರಕ್ಷಣೆ ಕೈತಪ್ಪಬಹುದಾ? ಕೇಶ್ವಾಪುರದ ಶನಿವಾರದ ಬೈಬಲ್ ಕ್ಲಾಸ್ ಹೇಗಿದೆ ಅಂದರೆ...

ಐದಕ್ಕೆ ಮೂರೂವರೆ ಸ್ಟಾರ್. ಮೂರನೇ ವಾರದ ಪಾಠ ಒಂದಕ್ಕೇ ಆದರೆ ಐದೂ ಕೊಡುತ್ತಿದ್ದೆ.

ಹುಬ್ಬಳ್ಳಿ ಕೇಶ್ವಾಪುರದಲ್ಲಿ ಒಂದು ಸಣ್ಣ ಸಭೆಯವರು ನಡೆಸುವ ನಾಲ್ಕು ವಾರದ ಕ್ಲಾಸ್ ಇದು. ಇಡೀ ಕ್ಲಾಸಿಗೆ ಪ್ರಶ್ನೆ ಒಂದೇ. ಯೇಸುವನ್ನು ನಂಬಿ ರಕ್ಷಣೆ (ಪಾಪದಿಂದ ಬಿಡುಗಡೆ) ಪಡೆದವರು ಅದನ್ನು ಮತ್ತೆ ಕಳೆದುಕೊಳ್ಳಬಹುದಾ, ಇಲ್ವಾ? ಮುಂದೆ ದೂರೂ ಇರುವುದರಿಂದ ಸಭೆಯ ಹೆಸರು ಹಾಕುತ್ತಿಲ್ಲ.

ನಮ್ಮ ಮನೆಯಲ್ಲಿ ಇದು ಊಟದ ಹೊತ್ತಿನ ಜಗಳ. ನಾನು ಬೆಟಗೇರಿಯ ಹಳೇ ಬಾಸೆಲ್ ಮಿಶನ್ ಮನೆತನದವಳು. ಗಂಡನ ಮನೆಯವರು ಪೆಂತೆಕೊಸ್ತ್ ಸಭೆಗೆ ಹೋಗುವವರು. ನಾಲ್ಕು ಭಾನುವಾರ ಸಭೆ ತಪ್ಪಿಸಿದರೆ ರಕ್ಷಣೆಗೇ ಕುತ್ತು ಅಂತ ನಮ್ಮತ್ತೆ. ದೇವರು ಕೊಟ್ಟಿದ್ದನ್ನು ವಾಪಸ್ ಕೇಳುವವನಲ್ಲ ಅಂತ ನಮ್ಮಪ್ಪ. ನಡುವೆ ಸಾರು ಬಡಿಸುವವಳು ನಾನು.

ಫೀಸ್ ಇಲ್ಲ. ನೋಟ್ಸ್ ಝೆರಾಕ್ಸಿಗೆ 40 ರೂಪಾಯಿ, ಅದೂ ಮಸುಕು. ಐದು ಗಂಟೆ ಅಂದರೆ ಐದೂವರೆ. ಪಾಸ್ಟರ್ ಧಾರವಾಡ ಕಡೆಯವರು, ಚಿಕ್ಕ ವಯಸ್ಸು, ಮಾತು ಚುರುಕು.

ಮೊದಲ ವಾರ ಎಲ್ಲರೂ ಬಾಯಿಪಾಠ ಹೇಳುವ ವಾಕ್ಯಗಳು. ಯೋಹಾನ 10ರಲ್ಲಿ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಸಿಯಲಾರರು ಅನ್ನುವುದು, ರೋಮಾಪುರ 8ರಲ್ಲಿ ಸಾವಾಗಲಿ ಜೀವವಾಗಲಿ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು ಅನ್ನುವುದು. ಹೊಸದೇನೂ ಇರಲಿಲ್ಲ.

ಎರಡನೇ ವಾರ ರಂಗೇರಿತು. ಎಫೆಸ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಪೌಲನು ಪವಿತ್ರಾತ್ಮನನ್ನು ಸಂಚಕಾರಕ್ಕೆ ಹೋಲಿಸುತ್ತಾನೆ. ಪೂರ್ತಿ ಬಾಧ್ಯತೆ, ಅಂದರೆ ವಾರಸಾಗಿ ಬರುವ ಪಾಲು, ಮುಂದೆ ಸಿಗುತ್ತದೆ, ಅದಕ್ಕೆ ಇದು ಮುಂಗಡ ಅಂತ. ಪಾಸ್ಟರ್ ಇದನ್ನು ಹೇಳುತ್ತಿದ್ದ ಹಾಗೆ ಹಿಂದೆ ಕುಳಿತಿದ್ದ ಸೈಟ್ ಏಜೆಂಟ್ ಒಬ್ಬರು ಕೈ ಎತ್ತಿದರು. "ಪಾಸ್ಟರ್ರೇ, ನಮ್ಮೂರಾಗ ಸಂಚಕಾರ ಕೊಟ್ಟ ವ್ಯವಹಾರನೂ ಮುರೀತಾವ್ರೀ." ಎಲ್ಲರೂ ನಕ್ಕರು. ಕೊಟ್ಟವನು ಹಿಂದೆ ಸರಿದರೆ ಮುರಿಯುತ್ತದೆ, ಇಲ್ಲಿ ಕೊಟ್ಟವನು ದೇವರು ಅಂತ ಪಾಸ್ಟರ್ ಉತ್ತರ. ಏಜೆಂಟ್ ಬಿಡಲಿಲ್ಲ. "ಇಸಗೊಂಡಾಂವ ಒಲ್ಲೆ ಅಂದ್ರ?" ಅಸಲು ವಾದ ಇದೇ ಅಲ್ವಾ? ಬೇರೆಯವರು ಕಸಿಯುವುದಿಲ್ಲ ಸರಿ, ನಾನೇ ಆ ಕೈಯಿಂದ ಇಳಿದು ಹೋದರೆ? ಯಾರೂ ಅಂದಮೇಲೆ ನೀವೂ ಅದರಲ್ಲಿ ಬಂದಿರಿ ಅಂದರು ಪಾಸ್ಟರ್. ಏಜೆಂಟಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ನನಗೂ ಅರ್ಧವೇ.

ಮೂರನೇ ವಾರ ಇಬ್ರಿಯ 6. ದೇವರ ವರದ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲುಗಾರರಾಗಿ, ಆಮೇಲೆ ಬಿದ್ದುಹೋದವರನ್ನು ತಿರುಗಿ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಅನ್ನುವ ಭಾಗ. ನಿತ್ಯ ಭದ್ರತೆ, ಅಂದರೆ ಸಿಕ್ಕ ರಕ್ಷಣೆ ಎಂದೂ ಹೋಗುವುದಿಲ್ಲ ಅಂತ, ಬೋಧಿಸುವವರು ಸಾಮಾನ್ಯವಾಗಿ ಇದನ್ನು ಓಡಿಸಿಕೊಂಡು ಹೋಗುತ್ತಾರೆ. ಇವರು ಇಡೀ ಸಂಜೆ ಕೊಟ್ಟರು. ಬೋರ್ಡಿನ ಮೇಲೆ ಮೂರು ವಿವರಣೆ ಬರೆದರು. ಅವರಿಗೆ ರಕ್ಷಣೆ ಸಿಕ್ಕೇ ಇರಲಿಲ್ಲ. ಇಲ್ಲಾ, ಸಿಕ್ಕು ಹೋಯಿತು. ಇಲ್ಲಾ, ಈ ಎಚ್ಚರಿಕೆಯ ಮೂಲಕವೇ ದೇವರು ತನ್ನವರನ್ನು ಕಾಯುತ್ತಾನೆ. ಪಾಲುಗಾರರು ಅಂದಮೇಲೆ ಮೊದಲನೆಯದು ಕಷ್ಟ ಅಂತ ತಾವೇ ಒಪ್ಪಿದರು. ಎರಡನೆಯದನ್ನು ಹಿಡಿದವರಿಗೂ ಒಂದು ಕುಟುಕಿದರು. ಕಳೆದುಕೊಂಡವರು ತಿರುಗಿ ಬರುವುದು ಅಸಾಧ್ಯ ಅಂತ ವಾಕ್ಯ ಹೇಳುವಾಗ, ಅವರನ್ನೇ ಪ್ರತಿ ವಾರ ಮುಂದೆ ಕರೆದು ಪ್ರಾರ್ಥಿಸುವುದು ಯಾವ ಲೆಕ್ಕ? ಮನೆಗೆ ಬಂದು ಅತ್ತೆಗೆ ಹೇಳಿದೆ. "ಕ್ಲಾಸಿಗೆ ಹೋಗಿ ಕೆಟ್ಟಿ ನೋಡು ನೀ" ಅಂದರು.

ಕೊನೆಯ ವಾರ ಇತಿಹಾಸ, ರೈಲು ಹಿಡಿಯುವವರ ಅವಸರದಲ್ಲಿ. 1547ರಲ್ಲಿ ಟ್ರೆಂಟ್ ಸಭೆಯಲ್ಲಿ ಕ್ಯಾಥೊಲಿಕರು, ವಿಶೇಷ ಪ್ರಕಟಣೆ ಇಲ್ಲದೆ ಕೊನೇವರೆಗೆ ನಿಲ್ಲುತ್ತೇನೆ ಅಂತ ಯಾರೂ ಖಚಿತವಾಗಿ ಹೇಳಬಾರದು ಅಂದರು. 1610ರಲ್ಲಿ ನೆದರ್‌ಲ್ಯಾಂಡ್ಸ್‌ನ ಧರ್ಮಪಂಡಿತ ಅರ್ಮಿನಿಯಸ್‌ನ ಶಿಷ್ಯರು, ಇದನ್ನು ವಾಕ್ಯದಿಂದ ಇನ್ನೂ ಶೋಧಿಸಬೇಕು ಅಂತ ಬಾಗಿಲು ತೆರೆದಿಟ್ಟರು. 1618-19ರಲ್ಲಿ ಅಲ್ಲಿನ ಪ್ರೊಟೆಸ್ಟಂಟ್ ಚರ್ಚ್‌ನವರು ಸೇರಿದ ಡಾರ್ಟ್ ಸಭೆ ಅದನ್ನು ಮುಚ್ಚಿ, ನಿಜವಾದ ವಿಶ್ವಾಸಿಗಳನ್ನು ದೇವರು ಕೊನೇವರೆಗೆ ಕಾಯುತ್ತಾನೆ ಅಂದಿತು. ಅಲ್ಲಿಗೆ ಮುಗಿಸಿದರು. ನಮ್ಮೂರಿನ ಮಾತು ಬರಲೇ ಇಲ್ಲ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್‌ನಲ್ಲಿ ಲುಥೆರನ್, ರಿಫಾರ್ಮ್ಡ್ ಅನ್ನುವ ಎರಡೂ ಪ್ರೊಟೆಸ್ಟಂಟ್ ಪಂಗಡದವರಿದ್ದರು. ನಂಬಿದವನೂ ಬೀಳಬಹುದು ಅನ್ನುವವರು ಲುಥೆರನ್ನರು, ನಿಜವಾಗಿ ನಂಬಿದವನು ಪೂರ್ತಿ ಬೀಳಲಾರ ಅನ್ನುವವರು ರಿಫಾರ್ಮ್ಡರು. ನಮ್ಮ ಹಳೇ ಸಭೆಗಳು ಎರಡನ್ನೂ ಇಟ್ಟುಕೊಂಡೇ ಬೆಳೆದವು. ಹೇಳಿದ್ದರೆ ಏನು ಕಳೆದುಕೊಳ್ಳುತ್ತಿದ್ದರು?

ನನ್ನ ಮುಖ್ಯ ದೂರು ಅದಲ್ಲ. ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. "ನನ್ನ ಮಗ ದೀಕ್ಷಾಸ್ನಾನ ತಗೊಂಡಿದ್ದ, ಕ್ವಾಯರ್‌ನಾಗ ಹಾಡ್ತಿದ್ದ. ಬೆಂಗಳೂರಿಗೆ ಹೋದ ಮ್ಯಾಲ ಚರ್ಚ್ ಅಂದ್ರ ನಗ್ತಾನ. ಅವಂದು ಹೆಂಗ್ರೀ?" ಪಾಸ್ಟರ್ 1 ಯೋಹಾನ 2:19 ಓದಿದರು. ನಮ್ಮನ್ನು ಬಿಟ್ಟು ಹೋದವರು ನಮ್ಮವರಾಗಿರಲಿಲ್ಲ ಅನ್ನುವ ವಾಕ್ಯ. ಓದಿ ಮುಂದಿನ ಪ್ರಶ್ನೆಗೆ ಹೋದರು!

ಹಾಡುವಾಗ ಆ ಹುಡುಗನಿಗೂ ತಾನು ರಕ್ಷಣೆ ಪಡೆದವನು ಅಂತಲೇ ಅನಿಸಿರಬೇಕಲ್ವಾ? ಹಾಗಿದ್ದರೆ ಅಲ್ಲಿ ಕುರ್ಚಿಯಲ್ಲಿ ಕುಳಿತ ನಮ್ಮ ಗತಿ? ಮೂರು ವಾರ ಕೊಟ್ಟ ಭರವಸೆಯನ್ನು ಒಂದೇ ನಿಮಿಷದಲ್ಲಿ ಕಿತ್ತುಕೊಂಡ ಹಾಗಾಯಿತು. ಅದೂ ಡಾರ್ಟ್ ಬರಹದ ಸಾರ ಅವರ ಕೈಯಲ್ಲೇ ಇರುವಾಗ. ನಿಜವಾದ ವಿಶ್ವಾಸಿಗಳೂ ಘೋರವಾಗಿ ಬೀಳಬಹುದು ಅಂತ ಅದೇ ಬರಹ ದಾವೀದ, ಪೇತ್ರರ ಹೆಸರು ಹೇಳುತ್ತದೆ. ಪೇತ್ರ ಮೂರು ಸಲ ಆ ಮನುಷ್ಯನನ್ನು ಅರಿಯೆ ಅಂದವನು. ಆ ರಾತ್ರಿ ಯಾರಾದರೂ ಅವನ ಲೆಕ್ಕ ಮುಗಿಸಿದ್ದರೆ? ಮಗನ ಕತೆ ಇನ್ನೂ ಮುಗಿದಿಲ್ಲ ಅಂತ ಆ ತಾಯಿಗೆ ಹೇಳಲು ಇಷ್ಟು ಸಾಕಿತ್ತು. ಸುಮ್ನೆ ಒಂದೂವರೆ ಸ್ಟಾರ್ ಕಡಿಮೆ ಮಾಡಿಲ್ಲ ನಾನು.

ಇಷ್ಟಾದರೂ ಹೋಗಿ ಬನ್ನಿ. ಬೇರೆ ಕಡೆ ಇಷ್ಟು ಪ್ರಶ್ನೆ ಕೇಳಲು ಬಿಡುವುದಿಲ್ಲ. ನಿಮ್ಮ ಸತ್ಯವೇದ ನೀವೇ ಒಯ್ಯಿರಿ, ಝೆರಾಕ್ಸ್ ನಂಬಬೇಡಿ. ಎಡಗಡೆ ಫ್ಯಾನ್ ಸದ್ದು ಜಾಸ್ತಿ, ಬಲಗಡೆ ಕೂಡಿ. ಕೊನೆಯ ದಿನ ಗಿರ್ಮಿಟ್, ಮಿರ್ಚಿ ಇರುತ್ತದೆ. ಪ್ರಶ್ನೋತ್ತರ ಮುಗಿಯುವ ಹೊತ್ತಿಗೆ ಮಿರ್ಚಿ ಆರಿರುತ್ತದೆ.