ಸೆರೆಮನೆ: ಕಠಿಣ ಶಿಸ್ತೋ, ಸುಧಾರಣೆಯೋ?

ಆರಂಭದ ಖರ್ಚನ್ನಷ್ಟೇ ನೋಡಿದರೆ ಕಠಿಣ ಸೆರೆಮನೆ ಅಗ್ಗ. ಸುಧಾರಣೆಗೆ ತರಬೇತಿ ಪಡೆದ ಸಿಬ್ಬಂದಿ, ಕಾರ್ಯಾಗಾರ, ಪಾಠದ ಕೋಣೆ ಎಲ್ಲವೂ ಬೇಕು. ಆದರೆ ಬಿಡುಗಡೆಯಾದವನು ಮತ್ತೆ ಅಪರಾಧ ಮಾಡಿ ಒಳಬಂದರೆ ಆ ಉಳಿತಾಯ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದೇ ಮುಖ್ಯ ಮಾನದಂಡ, ಏಕೆಂದರೆ ಬಹುಪಾಲು ಕೈದಿಗಳು ಒಂದು ದಿನ ಹೊರಬಂದೇ ಬರುತ್ತಾರೆ. 2010ರಲ್ಲಿ ತೆರೆದ ನಾರ್ವೆಯ ಹಾಲ್ಡೆನ್ ಸೆರೆಮನೆಯಲ್ಲಿ ಕೈದಿಗಳು ಅಡುಗೆ ಮಾಡಿಕೊಳ್ಳುತ್ತಾರೆ, ಮರಗೆಲಸ ಕಲಿಯುತ್ತಾರೆ. ಹೊರಗಿನ ಬದುಕಿಗೆ ಬೇಕಾಗುವುದೂ ಇಂಥ ಅಭ್ಯಾಸಗಳೇ. ಸಂತ್ರಸ್ತರ ನ್ಯಾಯದ ಹಂಬಲವನ್ನು ಹಗುರವಾಗಿ ಕಾಣಬಾರದು; ಅದಕ್ಕೆ ಉತ್ತರ ಶಿಕ್ಷೆಯ ಅವಧಿಯಲ್ಲಿರಬೇಕೇ ಹೊರತು ಕೊಳಕು ಕೋಣೆಯಲ್ಲಲ್ಲ. ಮೊದಲ ಸಲ ತಪ್ಪು ಮಾಡಿದ ಯುವಕರಿಗೂ ಬಿಡುಗಡೆ ಸಮೀಪಿಸಿದವರಿಗೂ ಸುಧಾರಣೆಯ ದಾರಿಯೇ ಸೂಕ್ತ. ಸಹಕೈದಿಗಳ ಮೇಲೆ ಹಲ್ಲೆ ಮಾಡುವವರಿಗೆ ಬಿಗಿ ಕಾವಲೇ ಸರಿ, ಆದರೂ ಸತತ 15 ದಿನ ಮೀರಿದ ಏಕಾಂತ ಬಂಧನವನ್ನು ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ನಿಷೇಧಿಸುತ್ತವೆ.