ಐಇಎಲ್‌ಟಿಎಸ್ ರೀಡಿಂಗ್ ಕ್ಲಾಸ್: ಊಹೆಗೂ ಆಧಾರ ಬೇಕು ಅಂತ ಕಲಿಸುವ ಜಾಗ

ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಬೇಕು ಅಂತ ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ಓದುತ್ತಿದ್ದೇನೆ. ರೀಡಿಂಗ್‌ಗಂತಲೇ ಕಂಕನಾಡಿ ಹತ್ತಿರದ ಒಂದು ಪುಟ್ಟ ಕೋಚಿಂಗ್ ಸೆಂಟರ್ ಸೇರಿದೆ.

ರೀಡಿಂಗ್ ಅಂದರೆ ಪಠ್ಯ ಓದಿ ಉತ್ತರಿಸುವ ಭಾಗ: 60 ನಿಮಿಷ, 40 ಪ್ರಶ್ನೆ. ಪದಗಳ ಅರ್ಥ ಗೊತ್ತಿದ್ದರೂ ಒಂದು ಹೇಳಿಕೆ ಪಠ್ಯದ ಪ್ರಕಾರ ಸರಿಯೋ, ತಪ್ಪೋ, ಪಠ್ಯದಲ್ಲಿ ಹೇಳೇ ಇಲ್ಲವೋ ಅಂತ ಕೇಳುವ ‘ಟ್ರೂ, ಫಾಲ್ಸ್, ನಾಟ್ ಗಿವನ್’ ಪ್ರಶ್ನೆ ಬಂದರೆ ತುಂಬಾ ಜನ ತಡವರಿಸುತ್ತಾರೆ. ಇಲ್ಲಿನ ಮೇಡಂ ಅದನ್ನು ಬಿಡಿಸಿ ಹೇಳುವ ರೀತಿ ನನಗೆ ಬಹಳ ಹಿಡಿಸಿತು. ಬೋರ್ಡ್ ಮೇಲೆ ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಬರೆದರು. ಕಾರ್ಖಾನೆ ಮುಚ್ಚಿತು, ಮರುವರ್ಷ ಊರಿನ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ಕೆಲಸ ಹುಡುಕಿಕೊಂಡು ಜನ ಊರು ಬಿಟ್ಟಿರಬೇಕು ಅಂದೆವು. ‘ಸರಿ, ಯಾವ ಪದ ಹಿಡಿದು ಹೇಳಿದ್ರಿ? ತಲೆಯಿಂದ ಸೇರಿಸಿದ್ದೆಷ್ಟು?’ ಅಂತ ಕೇಳಿದರು. ಸುಳಿವು ಕೊಟ್ಟ ಪದಗಳಿಗೆ ಪೆನ್ಸಿಲ್ ಗೆರೆ ಎಳೆಯಬೇಕು, ನಾವು ಸೇರಿಸಿದ್ದನ್ನು ಅಂಚಿನಲ್ಲಿ ಬರೆಯಬೇಕು. ‘ನಷ್ಟ ಆಗಿದ್ದಕ್ಕೇ ಮುಚ್ಚಿದರು’ ಅಂತ ಒಬ್ಬರು ಅಂದಾಗ ಗೆರೆ ಎಳೆಯಲು ಒಂದು ಪದವೂ ಸಿಗಲಿಲ್ಲ. ಅದೇ ನಾಟ್ ಗಿವನ್. ಫಾಲ್ಸ್ ಅನ್ನಬೇಕಾದರೆ ಪಠ್ಯ ಅದಕ್ಕೆ ವಿರುದ್ಧವಾಗಿ ಹೇಳಿರಬೇಕು.

ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ರೋಗಿ ಊಟದ ತಟ್ಟೆ ಮುಟ್ಟಿಲ್ಲ ಅಂದರೆ ವಾಕರಿಕೆ ಇರಬಹುದು ಅನಿಸುತ್ತದೆ. ಆದರೆ ಕೇಳದೆ ಸುಮ್ನೆ ಚಾರ್ಟಿನಲ್ಲಿ ಬರೆಯೋಲ್ಲ.

ಒಂದು ಬೇಸರ ಇದೆ. ಬ್ಯಾಚಿನಲ್ಲಿ ಜನ ಜಾಸ್ತಿ, ಎಲ್ಲರ ಅಂಚಿನ ಬರಹ ನೋಡಲು ಮೇಡಂಗೆ ಸಮಯ ಸಾಲುವುದಿಲ್ಲ. ಪ್ರಿಂಟ್‌ಔಟ್ ಅಕ್ಷರವೂ ತೀರಾ ಸಣ್ಣದು. ಗ್ರಾಮರ್ ಮೊದಲಿಂದ ಬೇಕಾದವರು ಬೇರೆ ಕಡೆ ನೋಡಿ. ರೀಡಿಂಗ್‌ನಲ್ಲಿ ಮಾತ್ರ ಸ್ಕೋರ್ ಮೇಲೇಳದವರು ಖಂಡಿತ ಸೇರಿ.